ಕೋಟಿನ ಗುಂಡಿ

"ಮುಟ್ಟಬೇಡಿ ಅತ್ತಿಗೆ! ಅವರು ಬಂದು ನೋಡಿದ್ರೆ ನನ್ನನ್ನ ಸುಮ್ಮನೆ ಬಿಡಲ್ಲ."

ತಮ್ಮನ ಹೆಂಡತಿ ಕೋಣೆಯ ಬಾಗಿಲಲ್ಲೇ ನಿಂತು ಕೂಗಿದಳು. ಅಷ್ಟು ಹೊತ್ತಿಗೆ ಪತ್ತೇದಾರಮ್ಮನ ಎರಡು ಬೆರಳು ಚದುರಂಗದ ಹಲಗೆಯ ಮೇಲೆ ಇಳಿದಾಗಿತ್ತು.

"ಮುಟ್ಟಲ್ಲ. ಎತ್ಕೊಂಡೇ ಹೋಗ್ತೀನಿ."

"ಅಯ್ಯೋ, ಅದಕ್ಕಿಂತ ಮುಟ್ಟೋದೇ ವಾಸಿ!"

ಪತ್ತೇದಾರಮ್ಮ ಎತ್ತಿದ್ದು ರಾಜನನ್ನಲ್ಲ, ಮಂತ್ರಿಯನ್ನೂ ಅಲ್ಲ. ಹಲಗೆಯ ಅಂಚಿನ ಒಂದು ಕಪ್ಪು ಚೌಕದಲ್ಲಿ ಅಂಗಾತ ಬಿದ್ದಿದ್ದ ಕಪ್ಪು ಗುಂಡಿಯನ್ನು. ಗಂಡಸರ ಕೋಟಿಗೆ ಹಾಕುವಂಥದ್ದು. ಯಾವ ಕಾಲದಲ್ಲೋ ಒಂದು ಕಪ್ಪು ಕಾಲಾಳು ಕಳೆದುಹೋಗಿ, ಅದರ ಜಾಗಕ್ಕೆ ಈ ಗುಂಡಿ ಬಂದು ಕೂತಿತ್ತು. ಆಮೇಲೆ ತಮ್ಮ ಬೆಳೆದ, ಗ್ರ್ಯಾಂಡ್‌ಮಾಸ್ಟರ್ ಆದ, ದೇಶ ದೇಶ ಸುತ್ತಿ ಒಳ್ಳೊಳ್ಳೆಯ ಹಲಗೆಗಳ ಮೇಲೆ ಆಡಿ ಬಂದ. ಮನೆಗೆ ಬಂದರೆ ಮಾತ್ರ ಈ ಹಳೆಯ ಹಲಗೆಯೇ ಬೇಕು, ಈ ಗುಂಡಿಯೇ ಬೇಕು.

ಈಗ ನಡೆಯುತ್ತಿದ್ದ ಆರು ಆಟಗಳ ಪಂದ್ಯದಲ್ಲಿ ಅವನ ಎದುರಾಳಿ ಒಂದು ಕಂಪ್ಯೂಟರ್ ಪ್ರೋಗ್ರಾಂ; ಎಲ್ಲ ಆಟದಲ್ಲೂ ಬಿಳಿ ಕಾಯಿ ಅದಕ್ಕೆ, ಕಪ್ಪು ತಮ್ಮನಿಗೆ. ಕಂಪ್ಯೂಟರಿಗೆ ಕಂಪ್ಯೂಟರೇ ಸುದ್ದಿ ಮುಟ್ಟಿಸೀತೆಂದು ಹೆದರಿ ತಮ್ಮ ತನ್ನ ಯಂತ್ರಗಳನ್ನೆಲ್ಲ ಬಂದ್ ಮಾಡಿದ್ದ. ಏನನ್ನೂ ಬರೆದಿಡುತ್ತಿರಲಿಲ್ಲ. ಅವತ್ತು ಆಡಬೇಕಾದದ್ದನ್ನು ಬೆಳಿಗ್ಗೆ ಈ ಹಲಗೆಯ ಮೇಲೆ ನಿಲ್ಲಿಸಿ, ಕಣ್ಣಲ್ಲಿ ತುಂಬಿಕೊಂಡು, ಹಾಗೇ ಬಿಟ್ಟು ಹೋಗುತ್ತಿದ್ದ. ಧೂಳು ಒರೆಸುವವರು ಸುತ್ತ ಒರೆಸಬೇಕು. ದೇವರಿಗೂ ಇಷ್ಟು ಮಡಿ ಇರಲಾರದೆಂದು ಪತ್ತೇದಾರಮ್ಮ ಎಷ್ಟೋ ಸಲ ಮೂಗು ಮುರಿದಿದ್ದಳು.

ನಿನ್ನೆ ಐದನೆಯ ಆಟದಲ್ಲಿ, ಗೆಲುವು ಅಂಗೈಯಲ್ಲಿದ್ದಾಗ, ಇದೇ ತಮ್ಮ ಒಂದು ಮಾತೂ ಆಡದೆ ಎದ್ದು ಹೊರಟುಹೋಗಿದ್ದ.

ಆಗಿದ್ದಿಷ್ಟು. ತಮ್ಮ ತನ್ನ ಮಂತ್ರಿಯನ್ನು ಒಂದು ಕಡೆ ತಂದಿಟ್ಟ. ಯಂತ್ರ ಕಣ್ಣು ಮಿಟುಕಿಸುವಷ್ಟೂ ಯೋಚಿಸದೆ ತನ್ನ ಬಿಳಿ ಕುದುರೆಯನ್ನು ಹಾರಿಸಿ ಒಂದು ಕಪ್ಪು ಕಾಲಾಳಿನ ಬಾಯಿಗೇ ಇಟ್ಟಿತು. ಆಟ ಕಲಿತು ವಾರವಾಗದ ಮಗುವೂ ಮಾಡದ ಕೆಲಸ. ಸಭಾಂಗಣ ಗೊಳ್ಳೆಂದು ನಕ್ಕಿತು. ತಮ್ಮ ಮಾತ್ರ ಆ ಕುದುರೆಯನ್ನೇ ನೋಡುತ್ತ ಕೂತ, ಮುಖ ಬಿಳಿಚಿಕೊಂಡ, ಕುರ್ಚಿ ಸರಿಸಿ ನಡೆದುಬಿಟ್ಟ. ಗಡಿಯಾರದಲ್ಲಿ ಅವನ ಹೊತ್ತು ಮುಗಿದು ಆಟ ಯಂತ್ರದ ಪಾಲಾಯಿತು.

ಇವತ್ತಿನ ಪತ್ರಿಕೆಗಳಿಗೆ ಹಬ್ಬ. ಯಂತ್ರಕ್ಕೆ ಹೆದರಿ ಓಡಿದ ಮನುಷ್ಯ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಚದುರಂಗ ಒಕ್ಕೂಟದವರು ಕಾರಣ ಹೇಳು, ಇಲ್ಲದಿದ್ದರೆ ಇನ್ನು ಮುಂದೆ ಹಲಗೆ ಮುಟ್ಟಬೇಡ ಎಂದಿದ್ದರು. ತಮ್ಮ ಬಾಯಿಗೆ ಬೀಗ ಹಾಕಿಕೊಂಡಿದ್ದ. ಬೆಳಿಗ್ಗೆ ಮುಖ್ಯ ತೀರ್ಪುಗಾರರೇ ಪತ್ತೇದಾರಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನೋಡಿ ಮೇಡಂ, ಆ ನಡೆ ಯಂತ್ರದ್ದಲ್ಲ, ಯಾರೋ ಮೊದಲೇ ಅದಕ್ಕೆ ತುಂಬಿದ್ದು ಅಂತ ನನಗೂ ಅನ್ನಿಸುತ್ತೆ. ನಿಮ್ಮ ತಮ್ಮನ ತಯಾರಿಯನ್ನ ಯಾರು ಕದ್ದು ಕೊಟ್ರು ಅಂತ ಹೆಸರು ತನ್ನಿ. ಐದನೇ ಆಟ ರದ್ದು ಮಾಡ್ತೀನಿ, ನಿಮ್ಮ ತಮ್ಮನ ಮೇಲೆ ಕ್ರಮ ಆಗದ ಹಾಗೆ ನೋಡ್ಕೋತೀನಿ. ಬರೀ ಅನುಮಾನ ಹೊತ್ಕೊಂಡು ಬರಬೇಡಿ."

ಇವತ್ತು ಮಧ್ಯಾಹ್ನ ಮೂರಕ್ಕೆ ಕೊನೆಯ ಆಟ. ಅಷ್ಟರೊಳಗೆ ಒಂದು ಹೆಸರು ಬೇಕು.

ಮದುವೆ ಗಂಡುಗಳ ಪೂರ್ವಾಪರ ಕೆದಕುವುದು, ಸುಟ್ಟ ಗೋದಾಮಿಗೆ ಬೆಂಕಿ ಇಟ್ಟವರು ಯಾರೆಂದು ವಿಮೆಯವರಿಗೆ ಹುಡುಕಿಕೊಡುವುದು ಪತ್ತೇದಾರಮ್ಮನ ಹೊಟ್ಟೆಪಾಡು. ಬೇರೆಯವರ ಮನೆಯ ಹೊಲಸು ಬಗೆಯುವಾಗ ಅವಳು ಹಿಂದೆಮುಂದೆ ನೋಡಿದ್ದಿಲ್ಲ. ಇವತ್ತು ಬಗೆಯಬೇಕಾದದ್ದು ತನ್ನ ತವರು. ಗುಂಡಿಯನ್ನು ಬಿಳಿ ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ನಿನ್ನೆ ಬೆಳಿಗ್ಗೆ ಈ ಗುಂಡಿ ಎಲ್ಲಿತ್ತು ಹೇಳು, ನೆನಪಿದೆಯಾ?"

"ಇದೆ. ತನ್ನ ಜಾಗದಿಂದ ಒಂದು ಮನೆ ಮುಂದೆ. ರಾಜನ ಪಕ್ಕದಲ್ಲಿ ಕಾವಲಿಗೆ ಬಿಟ್ಟ ಹಾಗಿತ್ತು. ಕಾಫಿ ಇಡೋಕೆ ಬಂದಾಗ ನೋಡಿದ್ದೆ."

"ಆಟದಲ್ಲೂ ಹಾಗೇ ಇತ್ತು. ಮುಂದೆ ಬಂದಿದ್ದ ಆ ಕಾಲಾಳಿನ ಬಾಯಿಗೇ ಯಂತ್ರದ ಕುದುರೆ ಬಿದ್ದಿದ್ದು." ಪತ್ತೇದಾರಮ್ಮ ಸ್ಟೂಲಿನ ಮೇಲೆ ಕೂತಳು. "ಈಗ ಯೋಚನೆ ಮಾಡು. ಕಾಲಾಳು ತನ್ನ ಹಳೇ ಜಾಗದಲ್ಲೇ ಇದ್ದಿದ್ರೆ ಕುದುರೆಯ ಆ ನಡೆ ಹೇಗಿರ್ತಿತ್ತು ಗೊತ್ತಾ? ಅದ್ಭುತ. ನಿನ್ನ ಗಂಡನ ಕಥೆ ಅಲ್ಲಿಗೇ ಮುಗೀತಿತ್ತು. ಅಂದ್ರೆ ನಡೆ ತುಂಬಿದವರಿಗೆ ಗುಂಡಿ ಮುಂದೆ ಬಂದಿದ್ದು ಗೊತ್ತಿಲ್ಲ. ಹಳೇ ಜಾಗದಲ್ಲೇ ಇದೆ ಅಂದ್ಕೊಂಡಿದಾರೆ."

"ಯಂತ್ರಕ್ಕಾದ್ರೂ ಕಾಣಬೇಡ್ವಾ? ಕಾಲಾಳು ಎದುರಿಗೇ ಇತ್ತಲ್ಲ."

"ತುಂಬಿದ ನಡೆಗಳನ್ನ ಅದು ಯೋಚಿಸಿ ಆಡಲ್ಲವಂತೆ. ಮಗ್ಗಿ ಒಪ್ಪಿಸೋ ಮಕ್ಕಳ ಹಾಗೆ. ಮಂತ್ರಿ ಇಲ್ಲಿಗೆ ಬಂದ್ರೆ ಕುದುರೆ ಅಲ್ಲಿಗೆ ಹಾರಿಸು ಅಂದಿದ್ರು, ಹಾರಿಸ್ತು."

"ಹಾಗಾದ್ರೆ ಆ ಎಂಜಿನಿಯರೇ ಅತ್ತಿಗೆ! ಯಂತ್ರದ ಪರವಾಗಿ ಕೂತು ಕಾಯಿ ನಡೆಸ್ತಾನಲ್ಲ, ಅವನೇ. ಪಂದ್ಯಕ್ಕೆ ಮುಂಚೆ ಇಲ್ಲಿಗೆ ಬಂದು ಚಹಾ ಕುಡಿದು ಹೋಗಿದ್ದ."

"ಹೊರಗಿನವನಿಗೆ ಇದು ಬರೀ ಗುಂಡಿ ಕಣೇ. ಅಲ್ಲಿ ಕಾಲಾಳೇ ಇಲ್ಲ ಅಂದ್ಕೊಂಡು ಆ ಖಾಲಿ ಜಾಗಕ್ಕೇ ನುಗ್ಗಿಸ್ತಿದ್ದ."

"ಅಭ್ಯಾಸಕ್ಕೆ ಬರ್ತಾರಲ್ಲ, ಅವರ ಜೊತೆಗಾರ?"

"ಅವನು ದಿನಾ ಸಂಜೆ ಈ ಗುಂಡಿಯನ್ನ ಕೈಯಲ್ಲಿ ಹಿಡಿದು ಆಡಿಸೋನು. ಅವನಿಗೆ ತಪ್ಪೋಕೆ ಸಾಧ್ಯಾನೇ ಇಲ್ಲ."

ತಮ್ಮನ ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಇನ್ನುಳಿದಿದ್ದು ನಾನು."

"ನಿನಗೆ ಕಣ್ಣು ಚೆನ್ನಾಗಿದೆ."

ಹಾಗೆಂದು ಪತ್ತೇದಾರಮ್ಮ ತನ್ನ ಕನ್ನಡಕ ತೆಗೆದಳು. ಚೀಲದಿಂದ ಗುಂಡಿ ಬಿಚ್ಚಿ, ಮೊದಲಿದ್ದ ಕಪ್ಪು ಚೌಕದಲ್ಲಿಟ್ಟು ನೋಡಿದಳು. ಎದ್ದು ನಿಂತ ಕಾಯಿಗಳೆಲ್ಲ ಮಸುಕು ಮಸುಕಾಗಿ ಕಂಡವು. ಕುದುರೆಗೆ ಕತ್ತು, ಆನೆಗೆ ಗೋಪುರ, ಒಂಟೆಗೆ ಚೂಪು ತಲೆ. ಗುಂಡಿ ಮಾತ್ರ ಕಪ್ಪಿನಲ್ಲಿ ಕಪ್ಪಾಗಿ ಕರಗಿಹೋಗಿತ್ತು.

"ಇದು ಕಾಲಾಳು ಅಂತ ಗೊತ್ತಿರಬೇಕು," ಎಂದಳು ಕನ್ನಡಕ ಏರಿಸಿಕೊಳ್ಳುತ್ತ. "ಆದ್ರೆ ಎಲ್ಲಿದೆ ಅಂತ ಕಾಣಿಸಬಾರದು. ಈ ಮನೇಲಿ ಅಂಥವರು ಯಾರು?"

ತಮ್ಮನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಜನರನ್ನು ಅಕ್ಷರದ ಹಲಗೆ ಎದುರು ಕೂರಿಸಿ ಓದಿಸುವವಳು. ಅವಳಿಗೆ ಉತ್ತರ ಹೇಳಿಕೊಡಬೇಕಾಗಿರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದಳು.

"ಕಣ್ಣು ತೋರಿಸ್ಕೊಳ್ಳಿ ಮಾವ ಅಂತ ನಾನು ಎಷ್ಟು ಗೋಗರೆದಿದೀನಿ ಅತ್ತಿಗೆ. ಒಂದು ದಿನ ಕೇಳಲಿಲ್ಲ."

ಮನೆಯ ಹಿಂದಿನಿಂದ ಹೊಲಿಗೆ ಮೆಷಿನ್ ಒಮ್ಮೆ ಗರ್ರೆಂದು ಓಡಿ ನಿಂತಿತು. ಇಬ್ಬರೂ ಆ ಕಡೆ ನೋಡಿದರು.

ಪತ್ತೇದಾರಮ್ಮ ಗುಂಡಿಯನ್ನು ಮತ್ತೆ ಕರ್ಚೀಫಿಗೆ ಸುತ್ತಿಕೊಂಡಳು.

ಹಿಂದಿನ ಬಾಲ್ಕನಿಗೆ ಗಾಜು ಹಾಕಿಸಿ ಅಪ್ಪನಿಗೆ ಕೋಣೆ ಮಾಡಿಕೊಟ್ಟಿದ್ದರು. ಅಂಗಡಿ ಮುಚ್ಚಿದ ಮೇಲೆ ಕತ್ತರಿಸುವ ಮೇಜು, ಮೆಷಿನ್, ಇಸ್ತ್ರಿ ಪೆಟ್ಟಿಗೆ ಎಲ್ಲ ಇಲ್ಲಿಗೇ ಬಂದಿದ್ದವು. ಕೋಟು ಹೊಲಿಸುವವರು ಈಗಿಲ್ಲ. ಅಕ್ಕಪಕ್ಕದವರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು, ಸೊಂಟ ಸಡಿಲಿಸಲು ತಂದು ಕೊಡುತ್ತಿದ್ದರು. ಈ ಮೇಜಿನ ಮೇಲೇ, ಬಟ್ಟೆ ತುಂಡುಗಳನ್ನು ಪಕ್ಕಕ್ಕೆ ತಳ್ಳಿ, ಮಗನಿಗೆ ಮೊದಲ ಸಲ ಕುದುರೆ ಹಾರಿಸುವುದನ್ನು ಕಲಿಸಿದ್ದು.

ಕೋಟಿನ ಕಾಲದಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹಾಕಿ ಕಣ್ಣು ಸವೆಸಿಕೊಂಡ ಮನುಷ್ಯ ಈಗ ಒಂದು ಪ್ಯಾಂಟಿನ ಹೊಲಿಗೆಯನ್ನು ಬೆರಳಿನಿಂದ ತಡವಿ ತಡವಿ ಬಿಚ್ಚುತ್ತಿದ್ದರು. ಮೂಲೆಯಲ್ಲಿ ಟೀವಿ ಸದ್ದಿಲ್ಲದೆ ಓಡುತ್ತಿತ್ತು. ಅದರಲ್ಲಿ ಖಾಲಿ ವೇದಿಕೆ, ಎರಡು ಕುರ್ಚಿ, ನಡುವೆ ಒಂದು ಮೇಜು.

"ಏನಮ್ಮಾ, ಇವತ್ತು ಯಾರ ಮನೆ ಮುರಿದು ಬಂದೆ?"

"ಇನ್ನೂ ಮುರಿದಿಲ್ಲಪ್ಪ. ಈಗ ಶುರು ಮಾಡಬೇಕು."

ಅಪ್ಪ ನಕ್ಕರು. ಪತ್ತೇದಾರಮ್ಮ ನಗಲಿಲ್ಲ. ಕರ್ಚೀಫು ಬಿಚ್ಚಿ ಗುಂಡಿಯನ್ನು ಅವರ ಅಂಗೈಯಲ್ಲಿಟ್ಟಳು. "ಇದೇನು ಹೇಳಿ ನೋಡೋಣ."

ಹೆಬ್ಬೆರಳು ಒಂದು ಸುತ್ತು ಬಂತು. "ನಾಲ್ಕು ತೂತು, ಕೊಂಬಿನ ಗುಂಡಿ. ವಕೀಲರೊಬ್ಬರು ಕೋಟು ಕೊಟ್ಟು ಹೋದವರು ವಾಪಸ್ ಬರಲೇ ಇಲ್ಲ, ಅದರದ್ದು. ಯಾಕೆ, ಹಲಗೆಯಿಂದ ತಂದ್ಯಾ? ನಿನ್ನ ತಮ್ಮ ಕುಣೀತಾನೆ."

"ನೋಡದೇ ಹೇಳಿಬಿಟ್ರಲ್ಲ."

"ನೋಡೋದೇನು? ಬೆರಳಿಗೇ ಗೊತ್ತಾಗುತ್ತೆ."

"ನಿನ್ನೆ ಬೆಳಿಗ್ಗೆ ಯಾಕೆ ಬೆರಳಲ್ಲಿ ನೋಡ್ಲಿಲ್ಲ ಅಪ್ಪ?"

ಹೆಬ್ಬೆರಳು ನಿಂತಿತು. ಅಪ್ಪ ಮುಖ ಎತ್ತಲಿಲ್ಲ. ಎಷ್ಟೋ ಅಪರಾಧಿಗಳ ಎದುರು ಕೂತು ಅಭ್ಯಾಸವಿದ್ದ ಪತ್ತೇದಾರಮ್ಮ ಇದನ್ನು ಚೆನ್ನಾಗಿ ಬಲ್ಲಳು. ಇನ್ನೊಬ್ಬರ ಅಪ್ಪಂದಿರ ಕೈ ಹೀಗೆ ನಿಂತಾಗ ಅವಳಿಗೆ ಖುಷಿಯಾಗುತ್ತಿತ್ತು. ಇವತ್ತು ಆಗಲಿಲ್ಲ.

"ಯಾರು ಹೇಳಿದ್ರು ನಿನಗೆ?"

"ಕುದುರೆ ಹೇಳ್ತು. ಗುಂಡಿ ಹಳೇ ಮನೇಲೇ ಇದೆ ಅಂತ ನಂಬಿ ಹಾರಿದ್ದು ನೋಡಿದ್ರೆ ಗೊತ್ತಾಗಲ್ವಾ? ಅವನಿಗೂ ಗೊತ್ತಾಯ್ತು. ಅದಕ್ಕೇ ಎದ್ದು ಹೋದ. ಕುದುರೆ ಹೊಡೆದು ಗೆದ್ದಿದ್ರೆ, ಯಂತ್ರಕ್ಕೆ ಯಾಕೆ ಹೀಗಾಯ್ತು ಅಂತ ಲೋಕ ಕೇಳ್ತಿತ್ತು. ಕೇಳ್ತಾ ಕೇಳ್ತಾ ಈ ಬಾಲ್ಕನಿಗೆ ಬರ್ತಿತ್ತು. ನಿಮಗೋಸ್ಕರ ಸೋತ ಅಪ್ಪ."

"ನನಗೋಸ್ಕರ!" ಅಪ್ಪ ಗುಂಡಿಯನ್ನೂ ಪ್ಯಾಂಟನ್ನೂ ಮೇಜಿನ ಮೇಲೆ ಬಿಸಾಡಿದರು. "ನನಗೋಸ್ಕರ ಅವನು ಒಂದು ಮಾತು ಆಡಿದ್ದಿದ್ರೆ ಸಾಕಿತ್ತು ಕಣೇ. ಆಟ ಸೋಲೋದು ಬೇಕಿರಲಿಲ್ಲ."

"ಏನು ಮಾತು?"

"ನಿನಗೆ ಮರೆತುಹೋಯ್ತಾ? ಅವನಿಗೆ ಸನ್ಮಾನ ಮಾಡಿದ್ರಲ್ಲ, ನಾನೇ ಹೊಲಿದ ಕೋಟು ಹಾಕ್ಕೊಂಡು ಹೋಗಿದ್ದ. ನಿಮ್ಮ ಗುರುಗಳು ಯಾರು ಅಂತ ಮೈಕಲ್ಲಿ ಕೇಳಿದ್ರು. ಕಂಪ್ಯೂಟರ್ ಅಂದ. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ. ಏನು ಮಾಡಲಿ, ಮುಂದಿನ ಸಾಲಲ್ಲಿ ಕೂರಿಸಿಬಿಟ್ಟಿದ್ರು."

"ಅದು ತಮಾಷೆಗೆ ಅಂದಿದ್ದು."

"ಮನೇಲೂ ತಮಾಷೆನಾ? ಒಂದು ದಿನ ಅವನ ಹಲಗೆ ನೋಡಿ, ಹೀಗೆ ಆಡಿದ್ರೆ ಹೇಗೆ ಮಗಾ ಅಂದೆ. ಅಪ್ಪ, ನಿಮ್ಮ ಕಾಲದ ನಡೆಗಳು ಈಗ ನಡೆಯಲ್ಲ, ಯಂತ್ರ ಅರೆಗಳಿಗೇಲಿ ಒಡೆದು ಬಿಸಾಡುತ್ತೆ ಅಂದ. ಅವತ್ತಿಂದ ನಾನು ಆ ಕೋಣೆಗೆ ಕಾಲಿಟ್ಟಿರಲಿಲ್ಲ."

ಪತ್ತೇದಾರಮ್ಮನಿಗೆ ಇದು ಗೊತ್ತಿರಲಿಲ್ಲ. ಊರಿನ ಗಂಡುಗಳ ಮೂರು ತಲೆಮಾರಿನ ಜಾತಕ ಬಿಡಿಸುವ ಹೆಂಗಸಿಗೆ ತನ್ನ ಅಪ್ಪ ಮಗನ ಕೋಣೆಗೆ ಹೋಗುವುದನ್ನು ಬಿಟ್ಟಿದ್ದು ಕಂಡಿರಲಿಲ್ಲ. ತನ್ನ ಮೇಲೇ ಸಿಟ್ಟು ಬಂತು, ಅದನ್ನು ಅಪ್ಪನ ಮೇಲೆ ಹಾಕಿದಳು.

"ಅದಕ್ಕೆ ಹೆತ್ತ ಮಗನ ಬೆನ್ನಿಗೆ ಚೂರಿ ಹಾಕೋದಾ?"

"ಆ ಎಂಜಿನಿಯರ್ ಬಂದಿದ್ದನಲ್ಲ," ಅಪ್ಪ ಅವಳ ಮಾತು ಕೇಳಿಸಿಕೊಳ್ಳದವರಂತೆ ಮುಂದುವರಿಸಿದರು, "ಒಳಗೆ ಚಹಾ ಕುಡಿದು, ಇಲ್ಲಿಗೆ ಬಂದ. ಇಲ್ಲೇ, ಈ ಬಟ್ಟೆ ಚೂರುಗಳ ಮೇಲೆ ಕೂತ. ಗುರುಗಳೇ ಅಂದ. ಇವರಿಗೆ ಆಟ ಕಲಿಸಿದವರು ನೀವಂತೆ, ಹೇಗೆ ಕಲಿಸಿದ್ರಿ ಹೇಳಿ ಅಂದ. ಮಧ್ಯಾಹ್ನವಿಡೀ ಕೇಳಿದ. ಒಂದು ಸಲ ಗಡಿಯಾರ ನೋಡ್ಲಿಲ್ಲ ಕಣೇ ಅವನು."

"ಬೆಣ್ಣೆ ಹಚ್ಚಿದ, ನೀವು ಕರಗಿದ್ರಿ."

"ಹೌದು, ಕರಗಿದೆ. ನಿಮಗ್ಯಾರಿಗಾದ್ರೂ ಹಚ್ಚೋಕೆ ಪುರುಸೊತ್ತಿತ್ತಾ?"

ಅಪ್ಪನ ದನಿ ತಗ್ಗಿತು.

"ನಿನ್ನೆ ಬೆಳಿಗ್ಗೆ ನಿನ್ನ ತಮ್ಮ ಸ್ನಾನಕ್ಕೆ ಹೋದಾಗ ಒಳಗೆ ಹೋದೆ. ನೋಡಿದ ಕೂಡಲೇ ಹೊಳೀತು. ಕುದುರೆ ಹಾರಿಸಿದ್ರೆ ಎಲ್ಲ ಕುಸಿದುಬೀಳುತ್ತೆ. ನನ್ನ ಕಾಲದ ನಡೆ ಅದು, ಯಂತ್ರಕ್ಕೂ ಹೊಳೆಯೋದು ಅನುಮಾನ. ಆ ಎಂಜಿನಿಯರಿಗೆ ಫೋನ್ ಮಾಡಿ ಹೇಳಿದೆ. ಆಡಿತು! ಲೋಕವೆಲ್ಲ ನೋಡ್ತಿರೋವಾಗ ನನ್ನ ನಡೆ ಆಡಿತು. ಆಮೇಲೆ..." ಅವರು ಟೀವಿಯ ಕಡೆ ಕೈ ಬೀಸಿದರು. "ಎಲ್ಲರೂ ನಕ್ಕರು. ಯಂತ್ರಕ್ಕೆ ತಲೆ ಕೆಟ್ಟಿದೆ ಅಂದ್ರು. ಕೆಟ್ಟಿದ್ದು ಯಂತ್ರದ ತಲೆ ಅಲ್ಲ, ನನ್ನ ಕಣ್ಣು. ಹಾಳು ಗುಂಡಿ ಹಳೇ ಮನೇಲೇ ಇರುತ್ತೆ ಅಂದ್ಕೊಂಡೆ. ಬಟ್ಟೆಯನ್ನ ಮುಟ್ಟದೆ ನಾನು ಜನ್ಮದಲ್ಲಿ ಕತ್ತರಿ ಹಾಕಿದವನಲ್ಲ. ನಿನ್ನೆ ಹಾಕಿಬಿಟ್ಟೆ."

ಮಗನನ್ನು ಮಾರಿದ್ದಕ್ಕಲ್ಲ, ನಡೆ ತಪ್ಪಿದ್ದಕ್ಕೆ ಈ ಮನುಷ್ಯ ಸಂಕಟಪಡುತ್ತಿದ್ದಾರೆ! ಪತ್ತೇದಾರಮ್ಮನಿಗೆ ಕೂಗಬೇಕೆನ್ನಿಸಿತು, ಆ ಸಣಕಲು ಭುಜ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಏನೂ ಮಾಡದೆ ಮೇಜಿನ ಮೇಲಿದ್ದ ಕರ್ಚೀಫು ಮಡಚತೊಡಗಿದಳು.

ಬಿಳಿ ಬಟ್ಟೆಯ ನಡುವೆ ತೆಳು ನೀಲಿ ಕಲೆ ಇತ್ತು.

ತನ್ನ ಬೆರಳು ನೋಡಿಕೊಂಡಳು. ಅಲ್ಲೂ ನೀಲಿ. ಉಜ್ಜಿದರೆ ನುಣ್ಣಗೆ ಪುಡಿ. ಮೇಜಿನ ಮೇಲೆ, ಕತ್ತರಿಯ ಪಕ್ಕದಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಚಪ್ಪಟೆ ತುಂಡು ಬಿದ್ದಿತ್ತು. ಅಪ್ಪನ ಬೆರಳ ತುದಿಗಳೆಲ್ಲ ಅದೇ ಬಣ್ಣ.

ಅಂದರೆ ಗುಂಡಿಯನ್ನು ಅಪ್ಪ ಮುಟ್ಟಿದ್ದಾರೆ. ಈಗ ಅವರ ಕೈಗೆ ಕೊಟ್ಟಿದ್ದು ನಿಜ. ಆದರೆ ಕರ್ಚೀಫು ಅದಕ್ಕೂ ಮುಂಚೆ ಸುತ್ತಿದ್ದು, ಆಮೇಲೆ ಗುಂಡಿ ಅದಕ್ಕೆ ತಾಗಿಲ್ಲ. ಮುಟ್ಟದಿದ್ದುದರಿಂದಲೇ ನಿನ್ನೆ ತಪ್ಪಾಯಿತಲ್ಲ? ಹಾಗಿದ್ದರೆ ಮುಟ್ಟಿದ್ದು...

"ಅಪ್ಪ." ಅವಳು ಕರ್ಚೀಫು ಕೆಳಗಿಟ್ಟಳು. "ಇವತ್ತೂ ಒಳಗೆ ಹೋಗಿದ್ರಾ?"

ಅಪ್ಪ ಪ್ಯಾಂಟನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

"ಹೋಗಿದ್ರಾ ಅಂತ ಕೇಳಿದೆ!"

"ತಪ್ಪು ಹೊಲಿಗೆ ಬಿದ್ದಿತ್ತಲ್ಲಮ್ಮ. ಬಿಚ್ಚಿ ಸರಿ ಮಾಡಬೇಡ್ವಾ?" ಆ ದನಿಯಲ್ಲಿ ನಾಚಿಕೆ ಇರಲಿಲ್ಲ, ಹಟವಿತ್ತು. "ಈ ಸಲ ಒಂದೊಂದು ಕಾಯೀನೂ ತಡವಿ ನೋಡಿದೆ. ಸಾಲು ಸಾಲಾಗಿ, ಆ ಅಂಚಿಂದ ಈ ಅಂಚಿಗೆ. ಗುಂಡೀನೂ ಸಿಕ್ತು. ಕೂತು ಯೋಚನೆ ಮಾಡಿ, ಎಲ್ಲಿ ಹೊಡೀಬೇಕು ಅಂತ ಹೇಳಿಬಿಟ್ಟಿದೀನಿ. ಈ ಸಲ ಯಾರೂ ನಗಲ್ಲ."

"ಯಾರಿಗೆ ಹೊಡೀಬೇಕು ಅಂತ ಗೊತ್ತಿದೆಯಾ ನಿಮಗೆ? ಯಾರಿಗೆ?"

ಮೂಲೆಯ ಟೀವಿಯಲ್ಲಿ ವೇದಿಕೆಯ ದೀಪಗಳು ಹತ್ತಿಕೊಂಡವು. ತಮ್ಮ ನಡೆದು ಬಂದು ಕುರ್ಚಿಯಲ್ಲಿ ಕೂತ. ಕೋಟಿನ ಮೇಲಿನ ಗುಂಡಿ ಬಿಚ್ಚಿ ಹಾಕಿ ಮಾಡುತ್ತಿದ್ದ. ಚಿಕ್ಕವನಿದ್ದಾಗಿನಿಂದ, ಹೆದರಿದಾಗಲೆಲ್ಲ ಅವನು ಮಾಡುವುದು ಅದನ್ನೇ. ಅಪ್ಪ ಪರದೆಯ ಹತ್ತಿರಕ್ಕೆ ಕುರ್ಚಿ 
ಎಳೆದುಕೊಂಡು ಮೂಗು ತಾಗುವಷ್ಟು ಬಾಗಿದರು. ಮಗನ ಮುಖ ಅವರಿಗೆ ಎಷ್ಟು ಕಾಣುತ್ತಿತ್ತೋ.

ಪತ್ತೇದಾರಮ್ಮ ಗುಂಡಿಯನ್ನು ಎತ್ತಿಕೊಂಡು ಬಾಗಿಲಿಗೆ ಓಡಿದಳು.

"ನನ್ನ ಹೆಸರು ಹೇಳ್ತೀಯಾ?" ಹಿಂದಿನಿಂದ ಅಪ್ಪ ಕೇಳಿದರು.

ಅವಳು ನಿಂತಳು.

"ಹೇಳು. ಹೋಗಿ ಹೇಳು," ಎಂದರು ಅಪ್ಪ, ಪರದೆಯಿಂದ ಕಣ್ಣು ಕೀಳದೆ. "ಕಳ್ಳ ಅಂತಲಾದ್ರೂ ಹೇಳು. ನಡೆ ನನ್ನದು ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ."

ಟ್ಯಾಕ್ಸಿಯಲ್ಲಿ ಕೂತು ತಮ್ಮನಿಗೆ ಫೋನ್ ಮಾಡಿದಳು. ಬಂದ್. ಅವಳಿಗೆ ಗೊತ್ತಿತ್ತು, ಆಟಗಾರರ ಫೋನುಗಳನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಆದರೂ ಎರಡನೆಯ ಸಲ ಒತ್ತಿದಳು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಒಂದು ಪ್ರಶ್ನೆ ಮುಳ್ಳಿನಂತೆ ಚುಚ್ಚತೊಡಗಿತು. ನಿನ್ನೆಯೇ ತಮ್ಮನಿಗೆ ಎಲ್ಲ ಗೊತ್ತಾಗಿತ್ತಲ್ಲ? ಗೊತ್ತಿದ್ದೂ ಇವತ್ತು ಹಲಗೆಯನ್ನು ಯಾಕೆ ಹಾಗೇ ನಿಲ್ಲಿಸಿ ಬಂದ? ಕೋಣೆಯ ಬಾಗಿಲನ್ನಾದರೂ ಯಾಕೆ ಹಾಕಲಿಲ್ಲ?

"ಸ್ವಲ್ಪ ಬೇಗ ಹೋಗಪ್ಪ."

"ಹಾರಿಸೋಕೆ ಇದೇನು ಕುದುರೆನಾ ಮೇಡಂ?" ಎಂದ ಡ್ರೈವರ್. ಅವನ ರೇಡಿಯೋದಲ್ಲೂ ಅದೇ ಪಂದ್ಯ.

ಸಭಾಂಗಣದಲ್ಲಿ ಆಟ ಶುರುವಾಗಿ ಹೊತ್ತಾಗಿತ್ತು. ವೇದಿಕೆಯ ಮೇಲೆ ತಮ್ಮ. ಎದುರಿಗೆ, ಯಂತ್ರದ ಪರವಾಗಿ, ಕ್ರಾಪು ಬಾಚಿಕೊಂಡ ಎಂಜಿನಿಯರ್. ಪಕ್ಕದ ಪರದೆ ನೋಡುವುದು, ಕಾಯಿ ಎತ್ತಿ ಇಡುವುದು, ಗಡಿಯಾರ ಒತ್ತುವುದು. ಅವನಿಗಿದ್ದ ಕೆಲಸ ಅಷ್ಟೇ. ತಮ್ಮ ಕಾಯಿ ಬಿಟ್ಟು ಕೈ ಹಿಂದಕ್ಕೆಳೆಯುವಷ್ಟರಲ್ಲಿ ಅವನ ಕೈ ಮುಂದೆ ಬರುತ್ತಿತ್ತು. ಯಂತ್ರ ಮತ್ತೆ ಮಗ್ಗಿ ಒಪ್ಪಿಸುತ್ತಿತ್ತು.

ಪತ್ತೇದಾರಮ್ಮ ಗೋಡೆಯ ದೊಡ್ಡ ಪರದೆ ನೋಡಿದಳು. ಮನೆಯಲ್ಲಿ ಕಂಡ ಹಲಗೆಯೇ ಅಲ್ಲಿತ್ತು, ಇನ್ನು ಒಂದೋ ಎರಡೋ ನಡೆ ಬಾಕಿ. ಅವಳು ಗುಂಡಿ ಎತ್ತಿಕೊಂಡ ಜಾಗದಲ್ಲಿ ಇಲ್ಲಿ ಮರದ ಕಾಲಾಳು ನಿಂತಿತ್ತು, ಅಷ್ಟೇ ವ್ಯತ್ಯಾಸ.

ಕಾವಲಿನವನ ತೋಳು ಸರಿಸಿ ವೇದಿಕೆಯ ಪಕ್ಕಕ್ಕೆ ನುಗ್ಗಿ, ಮುಖ್ಯ ತೀರ್ಪುಗಾರರ ಕಿವಿಯಲ್ಲಿ ಹೇಳಿದಳು: "ನಿಲ್ಲಿಸಿ ಸಾರ್. ಇವತ್ತಿನದ್ದೂ ಕದ್ದಿದ್ದಾರೆ. ಇನ್ನೆರಡು ನಡೆ ಆದ್ರೆ ಮುಗೀತು."

ತೀರ್ಪುಗಾರರು ಅವಳನ್ನು ದಿಟ್ಟಿಸಿ ನೋಡಿ, ಹೋಗಿ ಗಡಿಯಾರ ನಿಲ್ಲಿಸಿದರು. ಗುಸುಗುಸು ಎದ್ದಿತು. ಕ್ಯಾಮೆರಾಗಳು ಇತ್ತ ತಿರುಗಿದವು.

"ಇಲ್ಲಿಗೆ ಬಂದು ಹೇಳಿ ಮೇಡಂ. ಎಲ್ಲರಿಗೂ ಕೇಳಲಿ. ಆಟಗಾರರ ತಯಾರಿ ಯಂತ್ರದ ಕಡೆಯವರಿಗೆ ಹೋಗಿದೆ ಅಂತೀರಿ. ಕೊಟ್ಟವರು ಯಾರು?"

ಒಂದು ಹೆಸರು. ಹೇಳಿದರೆ ತಮ್ಮನ ಆಟ ವಾಪಸ್, ಮಾನ ವಾಪಸ್. ನಾಳೆಯ ಪತ್ರಿಕೆಯಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತ ಅಪ್ಪನ ಚಿತ್ರ. ಹೇಳದಿದ್ದರೆ ತಮ್ಮ ಇನ್ನೆರಡು ನಡೆಯಲ್ಲಿ ಮುಗಿದ, ಆಮೇಲೆ ಒಕ್ಕೂಟದವರು ಉಳಿದದ್ದನ್ನು ಮುಗಿಸುತ್ತಾರೆ. ಅಪ್ಪನೇ ಹೇಳು ಎಂದಿದ್ದಾರಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅವಳು ಬಾಯಿ ತೆರೆದಳು.

"ಅಕ್ಕ, ಸಾಕು."

ತಮ್ಮ ಎದ್ದು ನಿಂತಿದ್ದ. ಮುಷ್ಟಿಯಲ್ಲಿ ಅವಳು ಏನು ಹಿಡಿದಿದ್ದಾಳೆಂದು ಅವನಿಗೆ ಗೊತ್ತಿದ್ದ ಹಾಗಿತ್ತು. ಅವಳ ಕೈಯನ್ನೇ ನೋಡಿದ, ಆಮೇಲೆ ಕ್ಯಾಮೆರಾ ನೋಡಿದ.

"ಹೆಸರು ನಾನು ಹೇಳ್ತೀನಿ. ನಾನೇ ಕೊಟ್ಟಿದ್ದು. ನಿನ್ನೆಯದು, ಇವತ್ತಿನದು, ಎರಡೂ. ನನ್ನ ಆಟ ನಾನೇ ಮಾರಿಕೊಂಡೆ. ಇದರಲ್ಲಿ ಬೇರೆ ಯಾರಿಗೂ ಸಂಬಂಧ ಇಲ್ಲ."

ಕೋಣೆಯ ಬಾಗಿಲನ್ನು ಅವನು ಯಾಕೆ ತೆರೆದಿಟ್ಟು ಬಂದಿದ್ದನೆಂದು ಪತ್ತೇದಾರಮ್ಮನಿಗೆ ಈಗ ಹೊಳೆಯಿತು: ಅಪ್ಪನ ನಡೆ ಒಮ್ಮೆಯಾದರೂ ಗೆಲ್ಲಲಿ ಎಂದು. ತೀರ್ಪುಗಾರರ ಕೈಯಲ್ಲಿದ್ದ ಪೆನ್ನು ನೆಲಕ್ಕೆ ಬಿತ್ತು.

"ಸುಳ್ಳು!" ಪತ್ತೇದಾರಮ್ಮ ಕಿರುಚಿದಳು. "ಸುಳ್ಳು ಹೇಳ್ತಿದಾನೆ ಸಾರ್! ಅವರನ್ನ ಕೇಳಿ, ಆ ಎಂಜಿನಿಯರ್‌ನ ಕೇಳಿ. ಫೋನ್ ಯಾರಿಂದ ಬಂತು ಅಂತ ಅವರಿಗೆ ಗೊತ್ತು!"

ಎಲ್ಲರ ಕಣ್ಣು ಎಂಜಿನಿಯರ್ ಕಡೆ ಹೊರಳಿತು. ಬಟ್ಟೆ ಚೂರುಗಳ ಮೇಲೆ ಕೂತು ಗುರುಗಳೇ ಎಂದಿದ್ದ ಆ ಮನುಷ್ಯ ಕೈಯಲ್ಲಿದ್ದ ಬಿಳಿ ಒಂಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಕದ್ದ ಮಾಲು ಕೊಂಡವನಾಗುವುದಕ್ಕಿಂತ ಮಾಲೀಕನೇ ಕೊಟ್ಟದ್ದನ್ನು ತೆಗೆದುಕೊಂಡವನಾಗುವುದು ಎಷ್ಟು ಹಗುರವೆಂದು ಲೆಕ್ಕ ಹಾಕಲು ಅವನಿಗೆ ಯಂತ್ರ ಬೇಕಾಗಲಿಲ್ಲ.

"ಹೌದು," ಎಂದ ತಮ್ಮನ ಕಡೆ ಬೆರಳು ತೋರಿಸಿ. "ಫೋನ್ ಮಾಡಿದ್ದು ಇವರೇ."

ಕ್ಯಾಮೆರಾ ಓಡುತ್ತಲೇ ಇತ್ತು. ಮನೆಯಲ್ಲಿ ಅಪ್ಪ, ಕಳ್ಳನೆಂದಾದರೂ ತನ್ನ ಹೆಸರು ಬಂದೀತೆಂದು, ನೋಡುತ್ತಿದ್ದರು.